ಹಪ್ಪಳಕ್ಕೆ ಎಪ್ಪತ್ತು ರೂಪಾಯಾ?

“ಒಂದು ಹಪ್ಪಳಕ್ಕೆ ಎಪ್ಪತ್ತು ರೂಪಾಯಾ? ಹಗಲು ದರೋಡೆ ಕಣ್ರೀ ಇದು!”

ಕಳೆದ ಮೇ ತಿಂಗಳಲ್ಲಿ ಈ ಮಾತನ್ನ ನಾವು ದಿನಕ್ಕೆ ಕಮ್ಮಿ ಅಂದ್ರೂ ಇಪ್ಪತ್ತು ಸಲ ಕೇಳಿದ್ದೀವಿ. ಅದಕ್ಕೂ ಮುಂಚೆ ಹದಿನೆಂಟು ವರ್ಷ ನಾವೇ ಹೇಳ್ಕೊಂಡು ಬಂದಿದ್ದ ಮಾತು. ಈ ಸಲ ಮಾತ್ರ ಬಾಣಲಿಯ ಆ ಕಡೆ ನಿಂತಿದ್ವಿ.

ನಾವು ಅಂದ್ರೆ ಬನಶಂಕರಿ ಎರಡನೇ ಹಂತದ ಒಂದು ಪಿಜಿಯಲ್ಲಿ ಒಂದೇ ರೂಮಲ್ಲಿರೋ ಮೂರು ಜನ. ಜೆ.ಪಿ. ನಗರದ ಕಡೆ ಒಂದು ಮೈದಾನದಲ್ಲಿ ಬೇಸಿಗೆ ಎಕ್ಸಿಬಿಷನ್ ಬಂದಿತ್ತು. ನೀವೂ ನೋಡಿರ್ತೀರ: ಜಾಯಿಂಟ್ ವೀಲು (ಅದು ‘ಜೈಂಟ್’ ಅಂತ ಗೊತ್ತಿದ್ರೂ ನಮ್ಮೂರಲ್ಲಿ ಯಾವತ್ತಿಗೂ ಜಾಯಿಂಟೇ), ಕೊಲಂಬಸ್ ದೋಣಿ, ಗುಂಡಗೆ ಸುತ್ತೋ ಪುಟಾಣಿ ರೈಲು, ಏನ್ ತಗೊಂಡ್ರೂ ಐವತ್ತು ರೂಪಾಯಿ ಅಂತ ಕೂಗೋ ಪ್ಲಾಸ್ಟಿಕ್ ಅಂಗಡಿ, ಕೊನೇಲಿ ಸಾಲಾಗಿ ತಿಂಡಿ ಸ್ಟಾಲುಗಳು. ನಲವತ್ತೈದು ದಿನದ ಊರು. ಆಮೇಲೆ ಬಿಚ್ಚಿ ಲಾರಿಗೆ ಹಾಕ್ಕೊಂಡು ಇನ್ನೊಂದು ಊರಿಗೆ ಹೋಗುತ್ತೆ. ಅಲ್ಲಿ ಒಂದು ಸ್ಟಾಲಲ್ಲಿ ಸಂಜೆ ಕೆಲಸಕ್ಕೆ ಹುಡುಗರು ಬೇಕು ಅಂತ ಗೊತ್ತಾಯ್ತು. ಕಾಲೇಜು ಮುಗಿಸಿ ನಾಲ್ಕೂವರೆಗೆ ಹೋದ್ರೆ ರಾತ್ರಿ ಹತ್ತೂವರೆವರೆಗೆ, ತಲೆಗೆ 500 ರೂಪಾಯಿ, ಊಟ ಅಲ್ಲೇ. ಇಂಟರ್ನ್‌ಶಿಪ್ಪಲ್ಲಿ ಸರ್ಟಿಫಿಕೇಟ್ ಕೊಟ್ಟು ನಮ್ಮ ಹತ್ರಾನೇ ದುಡ್ಡು ಕೇಳೋ ಕಾಲದಲ್ಲಿ ಇದು ವಾಸಿ ಅನ್ನಿಸ್ತು.

ಅಂಗಡಿ ಒಬ್ಬ ಅಕ್ಕಂದು. ಹೆಸರು ಬರೆಯಲ್ಲ, ಅವರಿಗೆ ಇಷ್ಟ ಆಗಲ್ಲ. ಅವರ ಮನೆಯವರು ಬೆಳಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ತರಕಾರಿ ತರೋರು, ಸಿಲಿಂಡರ್ ನೋಡ್ಕೊಳ್ಳೋರು. ಬಾಣಲಿ ಮುಂದೆ ಒಬ್ಬ ಅಡುಗೆ ಮಾಸ್ಟರು. ನಮ್ಮ ಕೆಲಸ ಆರ್ಡರ್ ತಗೊಳ್ಳೋದು, ಈರುಳ್ಳಿ ಹೆಚ್ಚೋದು, ತಟ್ಟೆ ಕೊಡೋದು, ಬೈಸ್ಕೊಳ್ಳೋದು. ಮಾಲು ಮೂರೇ: ದೆಹಲಿ ಹಪ್ಪಳ, ಮೆಣಸಿನಕಾಯಿ ಬಜ್ಜಿ, ಗೋಬಿ ಮಂಚೂರಿ. ದೆಹಲಿ ಹಪ್ಪಳ ಅಂದ್ರೆ ಬೈಕಿನ ಸ್ಟೇರಿಂಗ್‌ನಷ್ಟು ಅಗಲದ್ದು, ಮೇಲೆ ಖಾರದ ಪುಡಿ, ಈರುಳ್ಳಿ, ಕ್ಯಾರೆಟ್ ತುರಿ. ಮೈಸೂರಿನೋರಿಗೆ ಇದನ್ನ ಹೇಳಿಕೊಡೋ ಅಗತ್ಯ ಇಲ್ಲ. ಅವರ ದಸರಾ ವಸ್ತುಪ್ರದರ್ಶನ 1880ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದದ್ದು. ರಾಜರು ಅದನ್ನ ಮಾಡಿದ್ದು ನಾಡಿನ ಕೈಗಾರಿಕೆ, ಕುಸುರಿ ಕೆಲಸ ಜನಕ್ಕೆ ತೋರಿಸೋಕೆ. ಈಗ ದೊಡ್ಡಕೆರೆ ಮೈದಾನಕ್ಕೆ ಹೋಗಿಬಂದ ಯಾರನ್ನಾದ್ರೂ ಏನ್ ನೋಡಿದೆ ಅಂತ ಕೇಳಿ, ಹಪ್ಪಳ ತಿಂದೆ ಅಂತಾರೆ.

ಸರಿ, ಎಪ್ಪತ್ತು ರೂಪಾಯಿ ವಿಷಯಕ್ಕೆ ಬರೋಣ. ಎರಡನೇ ವಾರ ನಮಗೇ ತಡೆಯೋಕಾಗದೆ ಲೆಕ್ಕ ಹಾಕಿದ್ವಿ. ಅಕ್ಕನ ಹತ್ರ ಒಂದು ಹಳೇ ಡೈರಿ ಇತ್ತು, ನಮ್ಮ ಹತ್ರ ಎಕ್ಸೆಲ್ ಇತ್ತು. ಎರಡೂ ಸೇರಿಸಿದಾಗ ಬಂದದ್ದು ಹೀಗೆ. ಮೂರೂ ಐಟಮ್ಮಿನ ಸರಾಸರಿ ಬೆಲೆ ಪ್ಲೇಟಿಗೆ 70. ಎಣ್ಣೆ, ಗ್ಯಾಸು, ತರಕಾರಿ, ಹಿಟ್ಟು, ಪೇಪರ್ ತಟ್ಟೆ ಎಲ್ಲಾ ಸೇರಿ ಪ್ಲೇಟಿಗೆ 22. ಇಲ್ಲಿಗೇ ನಿಲ್ಲಿಸಿದ್ರೆ ದರೋಡೆ ಅಂದೋರು ಗೆದ್ದರು. ಆದ್ರೆ ಹತ್ತಡಿ ಹತ್ತಡಿ ಜಾಗಕ್ಕೆ ನೆಲಬಾಡಿಗೆ ದಿನಕ್ಕೆ 4000. ಬಲ್ಬಿಗೆ, ಫ್ಯಾನಿಗೆ ಕರೆಂಟು 400. ಮಾಸ್ಟರಿಗೂ ನಮಗೂ ಕೂಲಿ 2700. ಬಾಗಿಲು ತೆಗೆಯೋಕೆ ಮುಂಚೆಯೇ 7100 ರೂಪಾಯಿ ಹೋಗಿರುತ್ತೆ, ಒಂದು ಹಪ್ಪಳ ಮಾರಿದ್ರೂ ಅಷ್ಟೇ, ಸಾವಿರ ಮಾರಿದ್ರೂ ಅಷ್ಟೇ.

ವಾರದ ದಿನ ಜನ ಬರೋದು ಏಳು ಗಂಟೆ ಮೇಲೆ. ನೂರು ಪ್ಲೇಟು ಹೋದ್ರೆ ಪುಣ್ಯ. ಅಂದ್ರೆ ನೀವು ಮಂಗಳವಾರ ತಿಂದ ಎಪ್ಪತ್ತು ರೂಪಾಯಿ ಹಪ್ಪಳದಲ್ಲಿ ನಲವತ್ತು ರೂಪಾಯಿ ಬರೀ ನೆಲದ್ದು. ಹಪ್ಪಳ ತಿಂದಿಲ್ಲ ನೀವು, ಮೈದಾನ ತಿಂದಿದ್ದೀರ. ಸೋಮವಾರದಿಂದ ಶುಕ್ರವಾರ ಅಕ್ಕನಿಗೆ ದಿನಕ್ಕೆ 2300 ಲಾಸು. ಶನಿವಾರ ಮುನ್ನೂರು ಪ್ಲೇಟು, ಭಾನುವಾರ ನಾನೂರೈವತ್ತು. ಐದು ದಿನ ಕಳ್ಕೊಂಡಿದ್ದನ್ನ ಎರಡು ದಿನದಲ್ಲಿ ದುಡೀಬೇಕು. ಎಲ್ಲಾ ಸರಿಯಾಗಿ ನಡೆದ್ರೆ ವಾರದ ಕೊನೆಗೆ 10,300 ಉಳಿಯುತ್ತೆ. ಗಂಡ ಹೆಂಡತಿ ಇಬ್ಬರಿಗೆ ಏಳು ದಿನಕ್ಕೆ ಹಂಚಿದ್ರೆ ಒಬ್ಬರಿಗೆ ದಿನಕ್ಕೆ 735 ರೂಪಾಯಿ. ಬೆಳಗ್ಗೆ ಐದಕ್ಕೆ ಮಾರ್ಕೆಟ್, ರಾತ್ರಿ ಹನ್ನೆರಡಕ್ಕೆ ಪಾತ್ರೆ. ಆರೇ ಗಂಟೆ ನಿಲ್ಲೋ ನಮಗೆ 500. ಈ ಸಾಲು ಎಕ್ಸೆಲ್ಲಲ್ಲಿ ಬಂದಾಗ ಮೂರೂ ಜನ ಸುಮ್ಮನಾದ್ವಿ.

ಸುಮ್ಮನೇ ಇದ್ದಿದ್ರೆ ಚೆನ್ನಾಗಿರ್ತಿತ್ತು. ಎಂಜಿನಿಯರಿಂಗ್ ಹುಡುಗರಲ್ವಾ, ಆಪ್ಟಿಮೈಸ್ ಮಾಡೋ ಚಟ.

ನಮ್ಮ ಪಿಜಿಯಲ್ಲಿರೋ ಒಬ್ಬ ಐಇಎಂ ಸೀನಿಯರ್ ‘ನ್ಯೂಸ್‌ವೆಂಡರ್ ಪ್ರಾಬ್ಲಮ್’ ಅಂತ ಒಂದು ಹೇಳಿಕೊಟ್ಟ. ಪೇಪರ್ ಹಾಕೋನು ಬೆಳಗ್ಗೆ ಎಷ್ಟು ಪ್ರತಿ ತಗೋಬೇಕು ಅನ್ನೋ ಲೆಕ್ಕ. ಕಮ್ಮಿ ತಗೊಂಡ್ರೆ ಬಂದ ಗಿರಾಕಿ ವಾಪಸ್ ಹೋಗ್ತಾನೆ, ಜಾಸ್ತಿ ತಗೊಂಡ್ರೆ ಸಂಜೆಗೆ ರದ್ದಿ. ನಮ್ಮ ಅಂಗಡೀಲಿ ಒಂದು ಪ್ಲೇಟು ಕಮ್ಮಿ ಬಿದ್ರೆ ನಷ್ಟ 48, ಒಂದು ಪ್ಲೇಟು ಮಿಕ್ಕಿದ್ರೆ ನಷ್ಟ 22. 48ನ್ನ 70ರಿಂದ ಭಾಗಿಸಿದ್ರೆ 0.69. ಅಂದ್ರೆ ಹತ್ತರಲ್ಲಿ ಸುಮಾರು ಏಳು ಭಾನುವಾರ ಸಾಲೋ ಅಷ್ಟು ಮಾಲು ಇಡಬೇಕು, ಸ್ವಲ್ಪ ಜಾಸ್ತಿ ಕಡೆಗೇ ವಾಲಬೇಕು. ಶಾಲೆ ರಜಾ, ತಿಂಗಳ ಮಧ್ಯದ ಭಾನುವಾರ, ಪಕ್ಕದ ಗೋಬಿ ಸ್ಟಾಲ್ ಬೇರೆ ಮುಚ್ಚಿತ್ತು. ನಾವು ಆರುನೂರು ಪ್ಲೇಟು ಅಂದ್ವಿ.

“ಮಳೆ ಬಂದ್ರೆ?” ಅಂದ್ರು ಅಕ್ಕ.

ಫೋನ್ ತೋರಿಸಿದ್ವಿ. ಮೂವತ್ತು ಪರ್ಸೆಂಟ್ ಅಷ್ಟೇ ಅಕ್ಕ.

“ಕೃತ್ತಿಕೆ ಮಳೆ ಕಣ್ರಪ್ಪಾ, ಅದು ಪರ್ಸೆಂಟ್ ಕೇಳ್ಕೊಂಡು ಬರಲ್ಲ” ಅಂದ್ರು. ಆದ್ರೂ ನಮ್ಮ ಮಾತು ಕೇಳಿ ಹೂಕೋಸು ಜಾಸ್ತಿ ತರಿಸಿದ್ರು. ಓದಿರೋ ಹುಡುಗರು ಅನ್ನೋ ನಂಬಿಕೆ. ಮೂರು ಗಂಟೆಗೆಲ್ಲಾ ಎಲ್ಲವನ್ನೂ ಬಿಡಿಸಿ, ಬಿಸಿನೀರಲ್ಲಿ ಅದ್ದಿ, ನಾಲ್ಕು ದೊಡ್ಡ ಟಬ್ಬಲ್ಲಿ ತುಂಬಿಟ್ವಿ. ಐದೂ ಹತ್ತಕ್ಕೆ ಗಾಳಿ ಎದ್ದಿತು. ಮೊದಲು ಜಾಯಿಂಟ್ ವೀಲು ನಿಲ್ಲಿಸಿದ್ರು. ಐದೂವರೆಗೆ ಶುರುವಾದ ಮಳೆ ಎಂಟಾದ್ರೂ ನಿಲ್ಲಲಿಲ್ಲ. ಕರೆಂಟು ಹೋಯ್ತು. ನಮ್ಮ ಟಾರ್ಪಾಲಿನ್ ಕೆಳಗೆ ಮೂವತ್ತು ನಲವತ್ತು ಜನ ಒತ್ಕೊಂಡು ನಿಂತಿದ್ರು, ಕೊಳ್ಳೋಕಲ್ಲ, ನೆನೀಬಾರದು ಅಂತ. ಅವರನ್ನ ದಾಟಿ ಕೌಂಟರಿಗೆ ಬರೋಕೆ ಬೇರೆಯೋರಿಗೆ ಜಾಗವೂ ಇರಲಿಲ್ಲ. ಒಟ್ಟು ಅರವತ್ತು ಪ್ಲೇಟು. 4200 ರೂಪಾಯಿ ವ್ಯಾಪಾರ, 4000 ನೆಲಬಾಡಿಗೆ.

ನಮ್ಮ ತಪ್ಪು ಏನು ಅಂತ ಆಮೇಲೆ ಗೊತ್ತಾಯ್ತು. ನಾವು ಗಿರಾಕಿ ಸಂಖ್ಯೆಯನ್ನ ಪುಸ್ತಕದಲ್ಲಿರೋ ಗಂಟೆ ಆಕಾರದ ಗ್ರಾಫ್ ಥರ ಅಂದ್ಕೊಂಡಿದ್ವಿ, ಮಧ್ಯದಲ್ಲಿ ಗುಡ್ಡ, ಎರಡೂ ಕಡೆ ಇಳಿಜಾರು. ಮೇ ತಿಂಗಳ ಬೆಂಗಳೂರಿನ ಭಾನುವಾರಕ್ಕೆ ಮಧ್ಯಾನೇ ಇಲ್ಲ. ಮಳೆ ಬಂದ್ರೆ ಅರವತ್ತು, ಬರದಿದ್ರೆ ಐನೂರು. ಸರಾಸರಿ ಅನ್ನೋ ದಿನ ಯಾವತ್ತೂ ಬರೋದೇ ಇಲ್ಲ. ಅಕ್ಕನಿಗೆ ಇದು ಫಾರ್ಮುಲಾ ಇಲ್ಲದೆ ಗೊತ್ತಿತ್ತು. ಅವರು ಯಾವಾಗಲೂ ಹಪ್ಪಳ ಜಾಸ್ತಿ, ಗೋಬಿ ಕಮ್ಮಿ ಇಡ್ತಿದ್ರು, ಹಪ್ಪಳ ನಾಳೆಗೂ ಆಗುತ್ತೆ ಅಂತ. ನಮ್ಮ ಎಕ್ಸೆಲ್ಲಲ್ಲಿ ಹಪ್ಪಳ, ಗೋಬಿ ಎರಡೂ ಬರೀ ‘ಪ್ಲೇಟು’.

ಹತ್ತು ಗಂಟೆಗೆ ದಿನದ ಹಾಗೆ ರಸೀದಿ ಪುಸ್ತಕ ಹಿಡ್ಕೊಂಡು ಒಬ್ಬ ಬಂದ. ಅಕ್ಕ ಏನೋ ಹೇಳೋಕೆ ಹೋದ್ರು. “ನಾನೇನ್ ಮಾಡ್ಲಮ್ಮ, ನಮ್ಮ ಓನರ್ರೂ ಮೈದಾನಕ್ಕೆ ಕಟ್ಟಬೇಕಲ್ಲ, ಮಳೆ ಅಂತ ಅವರಿಗ್ಯಾರೂ ಬಿಡಲ್ಲ” ಅಂದ. ಸುಳ್ಳಲ್ಲ ಅದು. ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಮಳೆಯನ್ನ ಕೆಳಗಿನೋರ ತಲೆ ಮೇಲೆ ಸುರಿದು ತಾವು ಒಣಗಿರ್ತಾರೆ, ಕೊನೆಗೆ ಟಾರ್ಪಾಲಿನ್ ಕೆಳಗಿರೋರು ನೆನೀತಾರೆ. ಅಕ್ಕ 4000 ಎಣಿಸಿಕೊಟ್ರು. ಆಮೇಲೆ ನಮಗೂ 500, 500, 500. ನಾವು ತಗೊಂಡ್ವಿ. ಬೇಡ ಅಕ್ಕ ಅನ್ನಬೇಕು ಅಂತ ಮೂರೂ ಜನಕ್ಕೂ ಅನ್ನಿಸಿತ್ತು, ಯಾರೂ ಅನ್ನಲಿಲ್ಲ. ಪಿಜಿಗೆ ನಡ್ಕೊಂಡು ಬರುವಾಗ ಒಬ್ಬರ ಮುಖ ಒಬ್ಬರು ನೋಡ್ಲಿಲ್ಲ. ಮಾರನೇ ದಿನ ಅಕ್ಕ “ನೀವೇನು ಮಳೆ ತಂದ್ರೇನ್ರೋ” ಅಂದು ಈರುಳ್ಳಿ ಬುಟ್ಟಿ ಮುಂದೆ ತಳ್ಳಿದ್ರು, ಅಷ್ಟೇ.

ಇನ್ನು ನೀರಿನ ಕಥೆ. ಇದನ್ನ ಬರೆಯೋಕೇ ನಾವು ಈ ಲೇಖನ ಶುರು ಮಾಡಿದ್ದು, ಲೆಕ್ಕದಲ್ಲಿ ದಾರಿ ತಪ್ಪಿದ್ವಿ.

ಆ ಮೈದಾನದಲ್ಲಿ ಕುಡಿಯೋ ನೀರಿನ ನಲ್ಲಿ ಒಂದೂ ಇರಲಿಲ್ಲ. ನೀರು ಮಾರೋ ಹಕ್ಕು ಒಂದೇ ಕೌಂಟರಿಗೆ, 20ರ ಬಾಟಲಿ 30ಕ್ಕೆ. ತಿಂಡಿ ಸ್ಟಾಲಿನೋರು ಗಿರಾಕಿಗೆ ನೀರು ಕೊಡೋ ಹಾಗಿಲ್ಲ ಅಂತ ಮೊದಲ ದಿನವೇ ಹೇಳಿದ್ರು. ಯೋಚನೆ ಮಾಡಿ, ನಾವು ಮಾರ್ತಿದ್ದದ್ದು ಮೆಣಸಿನಕಾಯಿ ಬಜ್ಜಿ! ಏಳೆಂಟು ವರ್ಷದ ಮಗು ಬಜ್ಜಿ ಕಚ್ಚಿ ಕಣ್ಣಲ್ಲಿ ನೀರು ಸುರಿಸ್ತಾ ನಿಂತಿದೆ, ನಮ್ಮ ಬೆನ್ನ ಹಿಂದೆ ಅಡುಗೆಗೆ ತಂದ ಇಪ್ಪತ್ತು ಲೀಟರ್ ಕ್ಯಾನು ಇದೆ, ನಾವು ಕೈ ತೋರಿಸಿ “ಅಲ್ಲಿ ಸಿಗುತ್ತೆ ಮೇಡಂ, ಆ ಕೌಂಟರ್” ಅನ್ನಬೇಕು. ಅಕ್ಕ ಮಾತ್ರ ಕೌಂಟರ್ ಕೆಳಗಿಂದ ಸ್ಟೀಲ್ ಲೋಟದಲ್ಲಿ ಮಕ್ಕಳಿಗೆ ಕೊಡೋರು, ಅತ್ತ ಇತ್ತ ನೋಡ್ಕೊಂಡು. ಕದ್ದ ಮಾಲು ಕೊಡೋ ಹಾಗೆ ಒಂದು ಲೋಟ ನೀರು.

ಬಾಟಲಿ ಮೇಲಿನ ಎಂಆರ್‌ಪಿ ಬಗ್ಗೆ ಕೆಲವರು ಜಗಳಕ್ಕೆ ಬರ್ತಿದ್ರು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಹೋಟೆಲ್ ರೆಸ್ಟೋರೆಂಟುಗಳು ಎಂಆರ್‌ಪಿಗಿಂತ ಜಾಸ್ತಿ ತಗೋಬಹುದು, ಅಲ್ಲಿ ಗಿರಾಕಿ ಬರೀ ನೀರು ಕೊಳ್ಳೋಕೆ ಹೋಗಲ್ಲ, ಕೂತು ಸೇವೆಯನ್ನೂ ಪಡೀತಾನೆ ಅಂತ ಹೇಳಿತ್ತು. ನೀರಿನ ಕೌಂಟರಿನ ಮುಂದೆ ಕೂರೋಕೆ ಒಂದು ಸ್ಟೂಲೂ ಇರಲಿಲ್ಲ. ಸೇವೆ ಅಂದ್ರೆ ಕೆಸರು.

ಇದು ನಮ್ಮ ದೇಶದ್ದೇ ರೋಗ ಅಂದ್ಕೋಬೇಡಿ. 1955ರ ಜುಲೈ 17ರಂದು ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ಶುರುವಾದ ದಿನ ಸುಡು ಬಿಸಿಲು, ಕುಡಿಯೋ ನೀರಿನ ನಲ್ಲಿಗಳು ಕೆಲಸ ಮಾಡ್ತಿರಲಿಲ್ಲ. ಪ್ಲಂಬರ್‌ಗಳ ಮುಷ್ಕರ ಆಗಿ, ಶೌಚಾಲಯ ಇಲ್ಲಾ ನೀರಿನ ನಲ್ಲಿ, ಎರಡರಲ್ಲಿ ಒಂದಕ್ಕೇ ಟೈಮಿತ್ತು, ವಾಲ್ಟ್ ಡಿಸ್ನಿ ಶೌಚಾಲಯ ಮುಗಿಸಿದ್ರು. ಜನ ಮಾತ್ರ ಪೆಪ್ಸಿ ಮಾರೋಕೆ ಹೀಗೆ ಮಾಡಿದ್ದಾರೆ ಅಂತ ಬೈದ್ರು. ಅವರಿಗೆ ಮುಷ್ಕರದ ನೆಪವಾದ್ರೂ ಇತ್ತು. ನಮ್ಮಲ್ಲಿ ಯಾವ ಪ್ಲಂಬರೂ ಮುಷ್ಕರ ಮಾಡಿರಲಿಲ್ಲ.

ಗಿರಾಕಿಗಳಾಗಿ ನಮ್ಮದೂ ಪಾಲಿದೆ, ಅದನ್ನೂ ಬರೀಬೇಕು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡಿತು. ಪರೀಕ್ಷೆ ಮಾಡಿದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ ಅಂತ ಬಂದಿತ್ತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೊಡಮೈನ್-ಬಿ ಬಟ್ಟೆಗೆ ಹಾಕೋ ಬಣ್ಣ. ಅಕ್ಕ ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕ್ತಿದ್ರು, ಅದರ ಕೆಂಪು ಇಟ್ಟಿಗೆ ಕೆಂಪು, ಟ್ರಾಫಿಕ್ ಸಿಗ್ನಲ್ ಕೆಂಪಲ್ಲ. “ಏನಿದು ಗೋಬಿ ಇಷ್ಟು ಡಲ್ಲಾಗಿದೆ, ರೆಡ್ ಇಲ್ವಾ?” ಅಂತ ಕೇಳಿ ಮುಂದಿನ ಸ್ಟಾಲಿಗೆ ಹೋದೋರು ಯಾರು? ಅಂಕಲ್ ಆಂಟಿಯರಲ್ಲ. ಕಾಲೇಜ್ ಐಡಿ ಕಾರ್ಡು ಕುತ್ತಿಗೆಗೆ ಹಾಕ್ಕೊಂಡಿದ್ದ ನಮ್ಮಂಥೋರೇ. ಬಣ್ಣ ಹಾಕಿದೋನಿಗೆ ಜೈಲಿದೆ, ಬಣ್ಣ ಕೇಳಿದೋನಿಗೆ ಏನೂ ಇಲ್ಲ.

ಇಷ್ಟೆಲ್ಲಾ ಕ್ಯಾಂಪಸ್ ಮ್ಯಾಗಜೀನಲ್ಲಿ ಯಾಕೆ ಬರೀತಿದ್ದೀವಿ ಅಂದ್ರೆ, ಆ ರಸೀದಿ ಪುಸ್ತಕ ಹಿಡಿದ ಮನುಷ್ಯನನ್ನ ನಾವು ಮೊದಲೇ ನೋಡಿದ್ವಿ. ಹೋದ ಮಾರ್ಚ್‌ನಲ್ಲಿ, ನಮ್ಮ ಫೆಸ್ಟಲ್ಲಿ. ಅವನು ನಾವೇ.

ಫಸ್ಟ್ ಇಯರ್ ವಾಲಂಟಿಯರ್ಸ್ ಆಗಿ ಸ್ಟಾಲ್ ಕಮಿಟಿಗೆ ಹಾಕಿದ್ರು. ಯಾರು ಜಾಸ್ತಿ ಕೊಡ್ತಾರೋ ಅವರಿಗೆ ಸ್ಟಾಲು, ಎರಡು ದಿನಕ್ಕೆ ಇಂತಿಷ್ಟು ಫಿಕ್ಸೆಡ್, ದುಡ್ಡು ಮುಂಗಡ. ಎರಡನೇ ದಿನದ ಡಿಜೆ ನೈಟು ಪರ್ಮಿಷನ್ ಸಿಗದೆ ರದ್ದಾಯ್ತು, ಆರು ಗಂಟೆಗೇ ಕ್ಯಾಂಪಸ್ ಖಾಲಿ. ರೋಲ್ ಮಾಡೋ ಅಂಕಲ್ ಒಬ್ಬರು ಬಂದು, “ಸ್ವಲ್ಪ ವಾಪಸ್ ಮಾಡ್ರಪ್ಪಾ, ಮಾಲೆಲ್ಲಾ ಹಾಗೇ ಇದೆ” ಅಂದ್ರು. “ರೂಲ್ಸ್ ಅಂಕಲ್, ನಮ್ಮ ಕೈಲಿಲ್ಲ” ಅಂದ್ವಿ. ಅವತ್ತೂ ನೀರಿನ ಬಾಟಲಿ ಮೂವತ್ತೇ, ಯಾಕಂದ್ರೆ ಪ್ಯೂರಿಫೈಯರ್‌ಗಳೆಲ್ಲಾ ಬೀಗ ಹಾಕಿದ ಬ್ಲಾಕ್‌ಗಳ ಒಳಗಿದ್ವು. ಅವತ್ತು ರಾತ್ರಿ ಎಷ್ಟೋ ಜನ ಆ ಅಂಕಲ್ ರೇಟ್ ಬೋರ್ಡಿನ ಫೋಟೋ ತೆಗೆದು ಸ್ಟೋರಿ ಹಾಕಿ ನಗೋ ಎಮೋಜಿ ಹಚ್ಚಿದ್ರು. ಕಮಿಟಿಯ ಫೋಟೋ ಯಾರೂ ಹಾಕ್ಲಿಲ್ಲ. ನಾವೂ ಹಾಕ್ಲಿಲ್ಲ, ನಾವೇ ಕಮಿಟಿ ಆಗಿದ್ವಿ.

ಈ ವರ್ಷದ ಫೆಸ್ಟಿಗೆ ನಾವು ಕೇಳ್ತಿರೋದು ಎರಡೇ. ಒಂದು, ಸ್ಟಾಲಿಗೆ ಹರಾಜು ಬೇಡ, ವ್ಯಾಪಾರದಲ್ಲಿ ಪಾಲು ತಗೊಳ್ಳೋಣ. ಅಕ್ಕನ ಲೆಕ್ಕವನ್ನೇ ನೋಡಿ: ಒಳ್ಳೇ ವಾರದಲ್ಲಿ 87,500 ವ್ಯಾಪಾರಕ್ಕೆ 28,000 ನೆಲಬಾಡಿಗೆ, ನೂರಕ್ಕೆ 32. ಮಳೆ ಭಾನುವಾರ ಒಂದೇ ತಗೊಂಡ್ರೆ ನೂರಕ್ಕೆ 95. ಅದರ ಬದಲು ನೂರಕ್ಕೆ 25 ಅಂತ ಪಾಲು ಇದ್ದಿದ್ರೆ ಆವತ್ತು 1050 ಕೊಟ್ಟು ಮನೆಗೆ ಹೋಗ್ತಿದ್ರು. ವ್ಯಾಪಾರ ಎಷ್ಟಾಯ್ತು ಅಂತ ನಂಬೋದು ಹೇಗೆ ಅಂತ ಕಮಿಟಿಯಲ್ಲಿ ಕೇಳ್ತಾರೆ. ನಮ್ಮ ಫೆಸ್ಟಲ್ಲಿ ತಿಂಡಿಗೆಲ್ಲಾ ಕೂಪನ್ ಇದೆ, ಕೂಪನ್ ಮಾರೋದು ನಾವೇ, ಲೆಕ್ಕ ನಮ್ಮ ಲ್ಯಾಪ್‌ಟಾಪಲ್ಲೇ ಇರುತ್ತೆ. ಹೊರಗಿನ ಎಕ್ಸಿಬಿಷನ್‌ನೋರಿಗೆ ಕಷ್ಟ ಆಗೋದು ನಮಗೆ ಸುಲಭ. ಅಕ್ಕನಿಗೆ ಈ ಐಡಿಯಾ ಹೇಳಿದಾಗ ಅವರು ಪೂರ್ತಿ ಒಪ್ಪಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀವಿ. “ನನ್ನ ಗಲ್ಲಾ ಪೆಟ್ಟಿಗೇಲಿ ಇನ್ನೊಬ್ಬರು ಇಣುಕಬೇಕಾ?” ಅಂದ್ರು. ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ.

ಎರಡನೇದು ನೀರು. ಸ್ಟಾಲ್ ಸಾಲಿನ ಎರಡೂ ತುದಿಯಲ್ಲಿ ಡ್ರಮ್ಮು, ಲೋಟ. ಸ್ಪಾನ್ಸರ್ ಬಾಟಲಿ ಬೇಕಾದ್ರೆ ಪಕ್ಕದಲ್ಲೇ ಮಾರಲಿ.

ಪಾಲು ಕೂಡ ಯಾಕೆ, ಬಾಡಿಗೇನೇ ಬೇಡ ಅನ್ನೋರೂ ಇದ್ದಾರೆ, ಮತ್ತೆ ಅದು ಕನಸೇನಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ನಮ್ಮ ಕಡೆಯ ಅತಿ ದೊಡ್ಡ ಸೀಸನ್ ಜಾತ್ರೆ, ಕಾರ್ತಿಕದ ಕೊನೇ ಸೋಮವಾರ. ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರ, ಆ ಕಡೆ ಧರ್ಮಪುರಿ, ಕೃಷ್ಣಗಿರಿಯಿಂದ ಕಡಲೆಕಾಯಿ ಬರುತ್ತೆ, ಜೊತೆಗೆ ಬತ್ತಾಸು, ಬಜ್ಜಿ, ಮಕ್ಕಳ ಆಟದ ತೊಟ್ಟಿಲು ಎಲ್ಲಾ. ಅಲ್ಲಿ ಅಂಗಡಿ ಇಡೋರಿಂದ ಟೆಂಡರ್ ಹಿಡಿದೋರು ಸುಂಕ ವಸೂಲಿ ಮಾಡ್ತಿದ್ರು. 2024ರಲ್ಲಿ ಮುಜರಾಯಿ ಇಲಾಖೆ ಅದನ್ನ ನಿಲ್ಲಿಸಿತು. ಬಸವನಗುಡಿಯ ಹಳೇ ಹೆಸರು ಸುಂಕೇನಹಳ್ಳಿ. ಸುಂಕೇನಹಳ್ಳಿಯಲ್ಲಿ ಸುಂಕ ಇಲ್ಲ ಅಂತ ಆಯ್ತು. ಜಾತ್ರೆ ನಿಂತೇನೂ ಹೋಗಲಿಲ್ಲ, ಬುಲ್ ಟೆಂಪಲ್ ರಸ್ತೆಯಲ್ಲಿ ಇವತ್ತಿಗೂ ಪರಿಷೆ ಟೈಮಲ್ಲಿ ಕಾಲಿಡೋಕೆ ಜಾಗ ಇರಲ್ಲ.

ಆದ್ರೆ ನಮ್ಮ ಫೆಸ್ಟಿಗೆ ಸ್ಟೇಜು, ಸೌಂಡಿಗೆ ದುಡ್ಡು ಬೇಕು, ದೇವಸ್ಥಾನದ ಹುಂಡಿ ನಮಗಿಲ್ಲ. ಅದಕ್ಕೇ ಪಾಲಿನ ಮಾತಾಡ್ತಿದ್ದೀವಿ.

ಹೋದ ವಾರ ಅಕ್ಕ ಫೋನ್ ಮಾಡಿದ್ರು. ಈ ಸಲ ಪರಿಷೆಯಲ್ಲಿ ಬಜ್ಜಿ ಅಂಗಡಿ ಇಡ್ತಾರಂತೆ, ಬನ್ರೋ ಅಂದ್ರು. ಆ ವಾರ ನಮಗೆ ಇಂಟರ್ನಲ್ಸ್ ಇದೆ, ಆದ್ರೂ ಹೋಗ್ತೀವಿ. ಆಮೇಲೆ, “ನಿಮ್ಮ ಕಾಲೇಜಲ್ಲೂ ಏನೋ ಹಬ್ಬ ಮಾಡ್ತೀರಂತಲ್ಲ, ಅಲ್ಲಿ ನಾನು ಬಂದ್ರೆ ನೆಲಬಾಡಿಗೆ ಎಷ್ಟ್ರೋ?” ಅಂತ ಕೇಳಿದ್ರು. ಕೇಳಿ ಹೇಳ್ತೀವಿ ಅಕ್ಕ ಅಂದಿದ್ದೀವಿ. ಕಮಿಟಿ ಮೀಟಿಂಗ್ ಗುರುವಾರ ನಾಲ್ಕು ಗಂಟೆಗೆ, ಸೆಮಿನಾರ್ ಹಾಲಲ್ಲಿ. ಯಾರು ಬೇಕಾದ್ರೂ ಬರಬಹುದು ಅಂತ ನೋಟಿಸಲ್ಲಿ ಹಾಕಿದ್ದಾರೆ.